ಆನ್ಯೆಸ್ ವರ್ದಾ ಕಡತ: ಇಲ್ಲಿಯವರೆಗಿನ ಕೆಲಸ

ಜೂನ್

ಫ್ರಾನ್ಸಿನ ನಿರ್ದೇಶಕಿ ಆನ್ಯೆಸ್ ವರ್ದಾ ಅವರ ಚಿತ್ರಗಳನ್ನು ತಯಾರಾದ ಕ್ರಮದಲ್ಲೇ ನೋಡುತ್ತ, ಒಂದೊಂದಕ್ಕೂ ಒಂದು ಹಾಳೆ ಬರೆದಿಡುವ ಕೆಲಸ ಈ ತಿಂಗಳು 1962ನ್ನು ತಲುಪಿತು. ಹಾಳೆಯಲ್ಲಿ ಕಥಾಸಾರಕ್ಕೆ ಜಾಗ ಕೊಟ್ಟಿಲ್ಲ. ದುಡ್ಡು ಹೇಗೆ ಹೊಂದಿತು, ಚಿತ್ರೀಕರಣ ಎಲ್ಲಿ ನಡೆಯಿತು, ಯಾವ ಸಲಕರಣೆ ಬಳಸಿದರು, ಹಿಂದಿನ ಚಿತ್ರಕ್ಕೂ ಇದಕ್ಕೂ ನಡುವೆ ಆಕೆ ಏನು ಮಾಡುತ್ತಿದ್ದರು ಎಂಬ ನಾಲ್ಕು ಅಂಕಣಗಳಷ್ಟೇ ಇವೆ. ನಿರ್ದೇಶಕರ ಬದುಕನ್ನು ಬರೆಯುವವರು ಸಾಮಾನ್ಯವಾಗಿ ಪ್ರಶಸ್ತಿಯಿಂದ ಪ್ರಶಸ್ತಿಗೆ ಹಾರಿಕೊಂಡು ಹೋಗುತ್ತಾರೆ. ಸ್ವತಂತ್ರವಾಗಿ ಚಿತ್ರ ಮಾಡಿದವರ ಮಟ್ಟಿಗೆ ನಡುವಿನ ವರ್ಷಗಳಲ್ಲೇ ಹೆಚ್ಚಿನ ವಿಷಯವಿರಬೇಕೆಂಬ ಗುಮಾನಿಯಿಂದ ನಾನು ಈ ಕಡತ ತೆರೆದೆ.

ಮೊದಲ ಹಾಳೆ ‘ಲಾ ಪ್ವಾಂತ್ ಕೂರ್ತ್’ ಚಿತ್ರದ್ದು. 1928ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಮನೆಯವರೊಂದಿಗೆ ಫ್ರಾನ್ಸಿನ ದಕ್ಷಿಣ ಕರಾವಳಿಯ ಸೆತ್ ಪಟ್ಟಣಕ್ಕೆ ಬಂದ ವರ್ದಾ, ಮುಂದೆ ಜಾನ್ ವಿಲಾರ್ ಅವರ ರಂಗಸಂಸ್ಥೆಯಲ್ಲಿ ಛಾಯಾಗ್ರಾಹಕಿಯಾಗಿದ್ದರು. ಅವರು ಸಿನಿಮಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಯಾರ ಕೈಕೆಳಗೂ ಸಹಾಯಕಿಯಾಗಿ ದುಡಿದವರಲ್ಲ, ಅಷ್ಟಾಗಿ ಸಿನಿಮಾ ನೋಡಿದವರೂ ಅಲ್ಲ. 1954ರಲ್ಲಿ, ಅದೇ ಸೆತ್ ಪಟ್ಟಣದ ಮೀನುಗಾರರ ಕೇರಿಯಲ್ಲಿ, ನಟರೂ ತಂತ್ರಜ್ಞರೂ ಸಂಬಳಕ್ಕೆ ಬದಲಾಗಿ ಚಿತ್ರದಲ್ಲಿ ಪಾಲು ಪಡೆಯುವ ಸಹಕಾರಿ ವ್ಯವಸ್ಥೆಯಲ್ಲಿ ಅವರು ಈ ಚಿತ್ರವನ್ನು ಮುಗಿಸಿದರು. ಸಂಕಲನಕ್ಕೆ ಕುಳಿತವರು ಮುಂದೆ ತಾವೂ ಹೆಸರಾಂತ ನಿರ್ದೇಶಕರಾದ ಆಲೆನ್ ರೆನೆ. ಚಿತ್ರಕ್ಕಾಗಿ ಹುಟ್ಟಿಕೊಂಡ ‘ತಮಾರಿಸ್ ಫಿಲ್ಮ್ಸ್’ ಎಂಬ ಪುಟ್ಟ ಸಂಸ್ಥೆಯೇ ಮುಂದೆ ‘ಸಿನೆ ತಮಾರಿಸ್’ ಆಗಿ ಅವರ ಕೊನೆಯ ಚಿತ್ರದವರೆಗೂ ಜೊತೆಗಿತ್ತು. ‘ಹೊಸ ಅಲೆ’ ಎಂದು ಹೆಸರಾದ ಫ್ರೆಂಚ್ ಸಿನಿಮಾ ಚಳವಳಿಯ ನಿರ್ದೇಶಕರಲ್ಲಿ ತ್ರುಫೊ ಅವರ ಮೊದಲ ಕಥಾಚಿತ್ರ ಬಂದದ್ದು 1959ರಲ್ಲಿ, ಗೊದಾರ್ ಅವರದು 1960ರಲ್ಲಿ. ಇವರಿಗಿಂತ ಮೊದಲೇ ಚಿತ್ರ ಮಾಡಿದ್ದಕ್ಕಾಗಿ ವರ್ದಾ ಅವರನ್ನು, ವಯಸ್ಸು ಮೂವತ್ತರ ಆಸುಪಾಸಿನಲ್ಲಿದ್ದಾಗಲೇ, ‘ಹೊಸ ಅಲೆಯ ಅಜ್ಜಿ’ ಎಂದು ಕರೆದರು. ಮುಂದೆ ಬಂದ ಗಂಡಸರು ಮಾತ್ರ ಇಳಿವಯಸ್ಸಿನಲ್ಲೂ ‘ಹೊಸ ಅಲೆ’ಯವರಾಗಿಯೇ ಉಳಿದರು.

ಎರಡನೆಯ ಕಥಾಚಿತ್ರ ‘ಕ್ಲೆಯೊ ಫ್ರಮ್ 5 ಟು 7’ ಬರಲು 1962ರವರೆಗೆ ಕಾಯಬೇಕಾಯಿತು. ಈ ನಡುವಿನ ಅವಧಿಯ ಅಂಕಣ ಒಂದು ಹಾಳೆಗೆ ಸಾಲದೆ ಇನ್ನೊಂದನ್ನು ಅಂಟಿಸಿದ್ದೇನೆ. 1958ರ ಒಂದೇ ವರ್ಷದ ಲೆಕ್ಕದಲ್ಲಿ ಮೂರು ಕಿರುಚಿತ್ರಗಳಿವೆ. ಲ್ವಾರ್ ಕಣಿವೆಯ ಅರಮನೆಗಳ ಬಗ್ಗೆ ಒಂದು ಮತ್ತು ದಕ್ಷಿಣದ ವಿಹಾರ ತೀರದ ಬಗ್ಗೆ ಇನ್ನೊಂದು, ಇವೆರಡೂ ಪ್ರವಾಸೋದ್ಯಮದ ಪ್ರಚಾರಕ್ಕಾಗಿ ಒಪ್ಪಿಕೊಂಡ ಕೂಲಿ ಕೆಲಸಗಳು. ಮೂರನೆಯದಾದ ‘ಲೊಪೆರಾ ಮೂಫ್’ ಅವರ ಸ್ವಂತದ್ದು. ಮಗಳು ರೊಸಾಲಿ ಹೊಟ್ಟೆಯಲ್ಲಿದ್ದಾಗ, ಪ್ಯಾರಿಸ್ಸಿನ ಮೂಫ್ತಾರ್ ಬೀದಿಯ ಸಂತೆಗೆ ಮಡಚುವ ಕುರ್ಚಿಯೊಂದನ್ನು ಹೊತ್ತೊಯ್ದು, ಅದರ ಮೇಲೆ ನಿಂತು, 16 ಎಂಎಂ ಕ್ಯಾಮೆರಾದಲ್ಲಿ ಬೀದಿಯ ಮುಖಗಳನ್ನು ಸೆರೆಹಿಡಿದರು. ತರಕಾರಿ ಕೊಳ್ಳುವ ಮುದುಕಿಯರಿಗೂ ಕುಡಿದು ತೂರಾಡುವವರಿಗೂ ಆ ಹೆಂಗಸು ದಿನಗಳೆದಂತೆ ಸಂತೆಯ ಭಾಗವೇ ಆಗಿಬಿಟ್ಟರು. ಕೂಲಿ ಕೆಲಸದ ಎರಡು ಚಿತ್ರಗಳೂ ಚೆಲುವಾಗಿವೆ, ಆದರೆ ಮತ್ತೆ ನೋಡಬೇಕೆನಿಸಿದ್ದು ಈ ಮೂರನೆಯದನ್ನೇ.

ಜುಲೈ

‘ಕ್ಲೆಯೊ’ ಹಾಳೆ ಬೇಗ ಮುಗಿಯಿತು. ಗೊದಾರ್ ಅವರ ಮೊದಲ ಚಿತ್ರದಲ್ಲಿ ಹಣ ಕಂಡಿದ್ದ ನಿರ್ಮಾಪಕ ಜಾರ್ಜ್ ದ ಬೊರೆಗಾರ್, ಅಷ್ಟೇ ಅಗ್ಗದ ಇನ್ನೊಂದು ಚಿತ್ರಕ್ಕಾಗಿ ಹುಡುಕುತ್ತಿದ್ದರು. ವರ್ದಾ ಒಂದೇ ಊರಿನ, ಒಂದೇ ಸಂಜೆಯ ಕಥೆಯನ್ನು ಮುಂದಿಟ್ಟರು. ಕ್ಯಾನ್ಸರ್ ತಪಾಸಣೆಯ ಫಲಿತಾಂಶಕ್ಕಾಗಿ ಕಾಯುತ್ತಿರುವ ಗಾಯಕಿಯೊಬ್ಬಳು 1961ರ ಜೂನ್ 21ರಂದು ಪ್ಯಾರಿಸ್ಸಿನಲ್ಲಿ ಅಲೆಯುವ ಒಂದೂವರೆ ಗಂಟೆಯನ್ನು ಚಿತ್ರ ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲೇ ತೋರಿಸುತ್ತದೆ. ಹಣದ ಇಕ್ಕಟ್ಟೇ ರೂಪವಾದದ್ದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ನನಗೆ ಗೊತ್ತಿಲ್ಲ.

1965ರ ‘ಲ ಬೊನರ್’ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಪಡೆಯಿತು. ಮರುವರ್ಷ, ಕತ್ರೀನ್ ದನವ್ ಮತ್ತು ಮಿಶೆಲ್ ಪಿಕೊಲಿಯಂತಹ ತಾರೆಯರಿದ್ದ ‘ಲೆ ಕ್ರೆಯಾತ್ಯೂರ್’ ನೆಲಕಚ್ಚಿತು. ಸೋತ ಚಿತ್ರದ ಪ್ರತಿಗಳನ್ನು ಅವರು ಗುಜರಿಗೆ ಹಾಕಲಿಲ್ಲ. ನಲವತ್ತು ವರ್ಷಗಳ ನಂತರ, 2006ರಲ್ಲಿ, ಪ್ಯಾರಿಸ್ಸಿನ ಕಾರ್ತಿಯೆ ಪ್ರತಿಷ್ಠಾನದಲ್ಲಿ ನಡೆದ ತಮ್ಮ ಪ್ರದರ್ಶನದಲ್ಲಿ ಅದೇ ಚಿತ್ರದ 35 ಎಂಎಂ ಸುರುಳಿಗಳನ್ನು ಬಿಚ್ಚಿ, ಗೋಡೆಯಾಗಿ ಇಳಿಬಿಟ್ಟು, ಬೆಳಕು ಹಾಯುವ ಗುಡಿಸಲೊಂದನ್ನು ಕಟ್ಟಿ, ಅದಕ್ಕೆ ಸೋಲಿನ ಗುಡಿಸಲೆಂದೇ ಹೆಸರಿಟ್ಟರು. ಈ ಹಾಳೆಯಲ್ಲಿ ಹಣದ ಅಂಕಣ ಬಹುಪಾಲು ಖಾಲಿ, ಆದರೂ ಇಡೀ ಕಡತದಲ್ಲಿ ನನಗೆ ಹೆಚ್ಚು ಪ್ರಿಯವಾದ ಹಾಳೆ ಇದೇ.

1972ರಲ್ಲಿ ಮಗ ಮಾತ್ಯು ಹುಟ್ಟಿದ. ಪುಟ್ಟ ಮಗುವನ್ನು ಬಿಟ್ಟು ದೂರ ಹೋಗಲಾಗದ ತಾಯಿ, ತಮ್ಮ ಮನೆಯ ಮೀಟರ್ ಪೆಟ್ಟಿಗೆಯಿಂದ ನೂರು ಮೀಟರೂ ಇಲ್ಲದ ವಿದ್ಯುತ್ ತಂತಿಯೊಂದನ್ನು ಎಳೆಸಿದರು. ಆ ತಂತಿ ತಲುಪುವಷ್ಟು ದೂರದೊಳಗೇ ಇಡೀ ಚಿತ್ರ ತೆಗೆಯಬೇಕೆಂದು ನಿಶ್ಚಯಿಸಿದರು. ಅವರು ಐವತ್ತರ ದಶಕದ ಮೊದಲಿನಿಂದ ಕೊನೆಯವರೆಗೂ ವಾಸವಿದ್ದ ಪ್ಯಾರಿಸ್ಸಿನ ದಗೆರ್ ಬೀದಿಯ ಬ್ರೆಡ್ಡಿನವರು, ಮಾಂಸದಂಗಡಿಯವರು, ದರ್ಜಿ, ಗಡಿಯಾರ ರಿಪೇರಿಯವರು, ಅತ್ತರಿನ ಅಂಗಡಿಯ ವೃದ್ಧ ದಂಪತಿ, ಇವರೇ ‘ದಗೆರೊತೈಪ್’ ಚಿತ್ರದ ಪಾತ್ರಧಾರಿಗಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮಲ್ಲಿ ಹೇಳುವಾಗ ಅದರಲ್ಲಿ ಒಂದು ನಿಟ್ಟುಸಿರು ಬೆರೆತಿರುತ್ತದೆ; ಈ ಚಿತ್ರದಲ್ಲಿ ಅದರ ಸುಳಿವಿಲ್ಲ. ಬ್ರೆಡ್ಡಿನಂಗಡಿಯ ಬಾಗಿಲು ತೆರೆಯುವುದನ್ನು, ಗಿರಾಕಿ ಚಿಲ್ಲರೆ ಎಣಿಸುವುದನ್ನು, ಅತ್ತರಿನ ಅಂಗಡಿಯ ಅಜ್ಜಿ ಸಂಜೆಯಾಗುತ್ತಲೇ ಗಾಜಿನ ಬಾಗಿಲಿನತ್ತ ನಡೆಯುವುದನ್ನು ಕ್ಯಾಮೆರಾ ಅವಸರವಿಲ್ಲದೆ ನೋಡುತ್ತದೆ.

ಆಗಸ್ಟ್

ಪತಿ ಜಾಕ್ ದಮಿ ಅವರೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ಅವಧಿಯ ಚಿತ್ರಗಳನ್ನು, 1968ರ ‘ಬ್ಲ್ಯಾಕ್ ಪ್ಯಾಂಥರ್ಸ್’ ಬಿಟ್ಟರೆ, ಬೇಗಬೇಗನೆ ದಾಟಿದೆ. ಲಾಸ್ ಏಂಜಲೀಸ್‌ನ ಗೋಡೆ ಚಿತ್ರಗಳ ಬಗ್ಗೆ 1981ರಲ್ಲಿ ಬಂದ ‘ಮುರ್ ಮುರ್’ ಕುರಿತು ಇನ್ನಷ್ಟು ಬರೆಯುವುದಿದೆ.

ಈ ತಿಂಗಳ ಬಹುಭಾಗವನ್ನು 1985ರ ‘ವ್ಯಾಗಬಾಂಡ್’ ಚಿತ್ರವೇ ತೆಗೆದುಕೊಂಡಿತು. ದಕ್ಷಿಣ ಫ್ರಾನ್ಸಿನ ದ್ರಾಕ್ಷಿತೋಟದ ಗುಂಡಿಯೊಂದರಲ್ಲಿ ಚಳಿಗೆ ಸೆಟೆದು ಸತ್ತುಬಿದ್ದ ಮೋನಾ ಎಂಬ ಹುಡುಗಿಯಿಂದ ಆರಂಭವಾಗಿ, ಆಕೆಯನ್ನು ದಾರಿಯಲ್ಲಿ ಕಂಡವರ ಹೇಳಿಕೆಗಳ ಮೂಲಕ ಚಿತ್ರ ಹಿಂದಕ್ಕೆ ಹೋಗುತ್ತದೆ. ಹದಿಹರೆಯ ದಾಟದ ಸಾಂದ್ರಿನ್ ಬೊನೇರ್ ಅವರ ಸುತ್ತ ಇರುವವರಲ್ಲಿ ಅನೇಕರು ಆ ಸೀಮೆಯ ಸಾಮಾನ್ಯ ಜನ. ಚಿತ್ರದಲ್ಲಿ ಟ್ರಾಲಿಯ ಮೇಲೆ ತೆಗೆದ ಹದಿಮೂರು ಚಲಿಸುವ ಶಾಟ್‌ಗಳಿವೆ. ಎಲ್ಲವೂ ಬಲದಿಂದ ಎಡಕ್ಕೆ, ಅಂದರೆ ಫ್ರೆಂಚರು ಓದುವ ದಿಕ್ಕಿಗೆ ವಿರುದ್ಧವಾಗಿ ಸಾಗುತ್ತವೆ. ಕ್ಯಾಮೆರಾ ಮೋನಾಳೊಂದಿಗೆ ಸ್ವಲ್ಪ ದೂರ ನಡೆದು, ಆಕೆಯನ್ನು ಬಿಟ್ಟು ಮುಂದೆ ಹೋಗಿ, ಯಾವುದೋ ಒಂದು ವಸ್ತುವಿನ ಮೇಲೆ ನಿಲ್ಲುತ್ತದೆ. ಎಷ್ಟೋ ಹೊತ್ತಿನ ನಂತರ ಬರುವ ಮುಂದಿನ ಶಾಟ್ ಅಂತಹದೇ ಇನ್ನೊಂದು ವಸ್ತುವಿನಿಂದ ಹೊರಡುತ್ತದೆ. ಪೆನ್ಸಿಲ್ ಹಿಡಿದು ಕುಳಿತು, ಪ್ರತಿ ಶಾಟ್‌ನ ಮೊದಲ ಮತ್ತು ಕೊನೆಯ ಚೌಕಟ್ಟಿನ ರೇಖಾಚಿತ್ರ ಬರೆದು ಸಾಲಾಗಿ ಜೋಡಿಸಿದ ಮೇಲೆ ಮೋನಾಳ ನಡಿಗೆ ಎಲ್ಲೂ ಕಡಿಯದ ಒಂದೇ ದಾರಿಯೆಂದು ಕಾಣತೊಡಗಿತು. ಸಹಜವಾಗಿ ನೋಡುತ್ತ ಕುಳಿತವರಿಗೆ ಈ ಕೊಂಡಿಗಳು ಕಣ್ಣಿಗೆ ಬೀಳುವುದಿಲ್ಲ, ಬೀಳಬೇಕಾದ ಅಗತ್ಯವೂ ಇಲ್ಲ. ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪ್ರಶಸ್ತಿ ಈ ಚಿತ್ರಕ್ಕೆ ಬಂತು.

1990ರಲ್ಲಿ ದಮಿ ತೀರಿಕೊಂಡರು. ಅವರ ಬಾಲ್ಯವನ್ನು ಕುರಿತ ‘ಜಾಕೊ ದ ನಾಂತ್’ ಚಿತ್ರವನ್ನು ವರ್ದಾ, ದಮಿ ಅವರ ಕಾಯಿಲೆಯ ದಿನಗಳಲ್ಲೇ ತೆಗೆದರು. 1995ರ ‘ನೂರೊಂದು ರಾತ್ರಿಗಳು’ ಮಾತ್ರ ತಾರೆಯರ ಜಾತ್ರೆ. ಅದರ ಹಾಳೆಯಲ್ಲಿ ನಾನು ಬರೆದದ್ದು ಕಡಿಮೆ.

ಸೆಪ್ಟೆಂಬರ್

‘ನೂರೊಂದು ರಾತ್ರಿಗಳು’ ಚಿತ್ರದ ದುಬಾರಿ ಸೋಲಿನ ನಂತರ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅಂಗೈಯಲ್ಲಿ ಹಿಡಿಯಬಹುದಾದ ಡಿಜಿಟಲ್ ಕ್ಯಾಮೆರಾ ಕೊಂಡು ಹೊರಟ ಫಲ 2000ದ ‘ದಿ ಗ್ಲೀನರ್ಸ್ ಅಂಡ್ ಐ’. ಕೊಯ್ಲಾದ ಹೊಲದಲ್ಲಿ ಉಳಿದದ್ದನ್ನು ಆಯುವವರು, ನಗರದ ಕಸದಲ್ಲಿ ಊಟ ಹುಡುಕುವವರು, ಆಯುವ ಹಕ್ಕನ್ನು ಹೊಲದ ನಡುವೆಯೇ ಕರಿಕೋಟು ತೊಟ್ಟು, ದಂಡಸಂಹಿತೆಯ ಪುಸ್ತಕ ಹಿಡಿದು ವಿವರಿಸುವ ವಕೀಲರು ಇದರಲ್ಲಿದ್ದಾರೆ. ಗಾತ್ರ ಸರಿಯಿಲ್ಲವೆಂದು ರಾಶಿ ಸುರಿದ ಆಲೂಗೆಡ್ಡೆಗಳಲ್ಲಿ ಹೃದಯದ ಆಕಾರದವನ್ನು ಆರಿಸಿ ವರ್ದಾ ಮನೆಗೆ ಒಯ್ಯುತ್ತಾರೆ. ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು, ಸುಕ್ಕುಗಟ್ಟಿದ ಇನ್ನೊಂದು ಕೈಯನ್ನು ತಾವೇ ಚಿತ್ರಿಸಿಕೊಳ್ಳುತ್ತಾರೆ. ನಿಲ್ಲಿಸಲು ಮರೆತ ಕ್ಯಾಮೆರಾದ ಮುಂದೆ ಲೆನ್ಸಿನ ಮುಚ್ಚಳ ತೂಗಾಡುವ ತುಣುಕನ್ನೂ ಎಸೆಯದೆ, ಅದಕ್ಕೆ ಜಾಝ್ ಸಂಗೀತ ಸೇರಿಸಿ ಉಳಿಸಿಕೊಂಡಿದ್ದಾರೆ. ಮೂಫ್ತಾರ್ ಬೀದಿಯ ಕುರ್ಚಿಯ ಕಾಲದಿಂದ ಮಾಡಿಕೊಂಡು ಬಂದ ಕೆಲಸವೇ ಇದು, ಹಗುರವಾದದ್ದು ಸಲಕರಣೆ ಮಾತ್ರ.

ಇನ್ನು ಉಳಿದಿರುವುದು 2008ರ ‘ದಿ ಬೀಚಸ್ ಆಫ್ ಆನ್ಯೆಸ್’, ಜೆಆರ್ ಎಂಬ ಯುವ ಕಲಾವಿದನೊಂದಿಗೆ ಹಳ್ಳಿಗಳನ್ನು ಸುತ್ತಿ 2017ರಲ್ಲಿ ತಂದ ‘ಫೇಸಸ್ ಪ್ಲೇಸಸ್’, ಮತ್ತು 2019ರ ಮಾರ್ಚ್ 29ರಂದು ಅವರು ತೀರಿಕೊಳ್ಳುವ ಕೆಲವೇ ವಾರಗಳ ಮೊದಲು ಬರ್ಲಿನ್‌ನಲ್ಲಿ ತೆರೆಕಂಡ ‘ವರ್ದಾ ಬೈ ಆನ್ಯೆಸ್’. 2017ರಲ್ಲಿ ಗೌರವ ಆಸ್ಕರ್ ಪಡೆದ ಮೊದಲ ನಿರ್ದೇಶಕಿ ಅವರು ಎಂಬುದನ್ನು ಹಾಳೆಯ ಹಿಂಬದಿಯಲ್ಲಿ ಗುರುತು ಹಾಕಿದ್ದೇನೆ. ಹೊಸದಾಗಿ ಒಂದು ಐದನೆಯ ಅಂಕಣ ಸೇರಿಸಿದೆ: ಪ್ರತಿಗಳು ಯಾರ ಕೈಯಲ್ಲಿವೆ ಎಂಬುದು. ವರ್ದಾ ಅವರ ಮಟ್ಟಿಗೆ ಹೆಚ್ಚಿನ ಸಾಲುಗಳಲ್ಲಿ ‘ಸಿನೆ ತಮಾರಿಸ್’ ಎಂದೇ ಬರೆಯಬೇಕಾಯಿತು. ದಮಿ ಅವರ ಚಿತ್ರಗಳ ಜೀರ್ಣೋದ್ಧಾರವೂ ದಗೆರ್ ಬೀದಿಯ ಅದೇ ಮನೆಯಿಂದ ನಡೆಯಿತು.

ಮುಂದಿನ ಕಡತ ಪ್ರೇಮಾ ಕಾರಂತರದು. ಅದರ ಮೊದಲ ಹಾಳೆ, ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ 1983ರಲ್ಲಿ ಬಂದ ‘ಫಣಿಯಮ್ಮ’. ಅವರ ವಿಷಯದಲ್ಲಿ ನಡುವಿನ ವರ್ಷಗಳ ಅಂಕಣಕ್ಕಿಂತ ಚಿತ್ರಕ್ಕೂ ಹಿಂದಿನ ವರ್ಷಗಳ ಅಂಕಣವೇ ಮೊದಲು ತುಂಬುತ್ತದೆ: ರಾಷ್ಟ್ರೀಯ ನಾಟಕ ಶಾಲೆಯ ಶಿಕ್ಷಣ, ಬೇರೆಯವರ ಚಿತ್ರಗಳಿಗೆ ಮಾಡಿದ ವಸ್ತ್ರವಿನ್ಯಾಸ, ಮಕ್ಕಳ ರಂಗಭೂಮಿ. ಅದಕ್ಕೆ ಅಗಲವಾದ ಹಾಳೆ ಬೇಕು.