ಊರುಗೋಲಾಗುವ ಎಲೆಕೋಸು: ಜರ್ಸಿ ದ್ವೀಪದ ಹಿತ್ತಲಲ್ಲಿ

ನಮ್ಮ ಹಳ್ಳಿಗಳಲ್ಲಿ ಜರ್ಸಿ ಹಸು ಗೊತ್ತಿಲ್ಲದವರಿಲ್ಲ. ಆ ಹಸುವಿನ ತವರು ಜರ್ಸಿ ದ್ವೀಪ, ಇಂಗ್ಲೆಂಡಿಗಿಂತ ಫ್ರಾನ್ಸಿಗೇ ಹತ್ತಿರ. ಉದ್ದ ಸುಮಾರು 14 ಕಿ.ಮೀ., ಅಗಲ 8 ಕಿ.ಮೀ. ಹಿಂದೆ ಅಲ್ಲಿ ದನಗಳಿಗೆ ಮೇವಾಗಿದ್ದದ್ದು ಆಳೆತ್ತರ ಮೀರಿ ನಿಲ್ಲುವ ಎಲೆಕೋಸಿನ ಸೊಪ್ಪು. ಒಣಗಿದ ದಂಟಿನಿಂದ ಊರುಗೋಲು ಮಾಡಿ ಮಾರುತ್ತಿದ್ದರು.

ದ್ವೀಪದ ರಾಜಧಾನಿ ಸೇಂಟ್ ಹೀಲಿಯರ್‌ನ ಬಂದರು, ಅಂಗಡಿಬೀದಿ ಚೆನ್ನಾಗಿವೆ, ಆದರೆ ಅಂಥವು ಬೇರೆ ಕಡಲೂರುಗಳಲ್ಲೂ ಸಿಗುತ್ತವೆ. ಹೋಗುವವರಿಗೆ ಒಂದು ಮಾತು: ಅಲ್ಲಿ ಚಿಲ್ಲರೆಯಾಗಿ ಕೊಡುವ ಜರ್ಸಿ ಪೌಂಡ್ ನೋಟುಗಳನ್ನು ಅಲ್ಲೇ ಖರ್ಚು ಮಾಡಿ, ಇಲ್ಲವೇ ಬದಲಾಯಿಸಿಕೊಂಡು ಹೊರಡಿ. ಇಂಗ್ಲೆಂಡಿನಲ್ಲಿ ಅಂಗಡಿಯವರು ಮುಟ್ಟುವುದಿಲ್ಲ. ಮರಳುವಾಗ ಕೈಯಲ್ಲುಳಿದ ಒಂದು ಕಟ್ಟು ಇನ್ನೂ ಹಾಗೇ ಇದೆ.

ಬಸ್ಸಿನಲ್ಲಿ ಒಳನಾಡಿಗೆ ಹೋದರೆ ಇಳಿಜಾರಿನ ತುಂಬ ಜರ್ಸಿ ರಾಯಲ್ ಆಲೂಗಡ್ಡೆ. ಕೋಸು ಉಳಿದಿರುವುದು ಅಲ್ಲೊಂದು ಇಲ್ಲೊಂದು ಹಿತ್ತಲಲ್ಲಿ. ಅಂಥ ಒಂದು ಹಿತ್ತಲಿನ ಅಜ್ಜ ಬೇಲಿಯಾಚೆಯಿಂದಲೇ ಮಾತಿಗೆ ಸಿಕ್ಕರು. ಅವರ ಗಿಡಗಳು ಎರಡೂವರೆ ಮೀಟರ್ ದಾಟಿದ್ದವು. ಗಡ್ಡೆ ಕಟ್ಟುವುದೇ ಇಲ್ಲ; ಬರಿ ದಂಟು, ತುದಿಯಲ್ಲಿ ಮಾತ್ರ ಸೊಪ್ಪಿನ ಗೊಂಚಲು.

ಮಾರ್ಚಿನಲ್ಲಿ ಬೀಜ ಚೆಲ್ಲಿ, ಸಸಿ ಗೇಣುದ್ದ ಆದಾಗ ಮೂರಡಿಗೊಂದರಂತೆ ನಾಟಿ. ಗೊಬ್ಬರಕ್ಕೆ ಕಡಲಪಾಚಿ. ದಂಟು ಏರಿದಂತೆಲ್ಲ ಕೆಳಗಿನ ಎಲೆಗಳನ್ನು ಕಿತ್ತು ದನಕ್ಕೋ ಕೋಳಿಗೋ ಹಾಕಬೇಕು. ಗಾಳಿಗೆ ಬಾಗಿದ ದಂಟನ್ನು ಆಮೇಲೆ ನೆಟ್ಟಗೆ ಮಾಡಲಾಗದು, ಅದಕ್ಕೇ ಮೊದಲಿಗೇ ಗೂಟ ನೆಟ್ಟು ಸಡಿಲವಾಗಿ ಕಟ್ಟುತ್ತಾರೆ. ಬೇರು ಊದಿ ಗಂಟಾಗುವ ರೋಗ ಹೊಕ್ಕ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸುಣ್ಣ ಹಾಕಿ ಹುಳಿ ತಗ್ಗಿಸುವುದು, ಒಂದೇ ಜಾಗದಲ್ಲಿ ಮತ್ತೆ ನೆಡದಿರುವುದು, ಇವೆರಡೇ ದಾರಿ.

ಚಳಿಗಾಲದಲ್ಲಿ ಕೋಲಿಗೆ ಕಡಿದ ದಂಟನ್ನು ಗಾಳಿಯಾಡುವ ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಅವಸರಪಟ್ಟು ಬಿಸಿಲಿಗಿಟ್ಟರೆ ಸೀಳುತ್ತದೆ. ಬೇರಿನ ಕಡೆಯ ದಪ್ಪ ತುದಿಯೇ ಹಿಡಿಕೆ. ಉಜ್ಜಿ ವಾರ್ನಿಶ್ ಬಳಿದ ಕೋಲು ಕೈಗೆ ತಗೊಂಡರೆ ಅಷ್ಟು ಗಟ್ಟಿ, ಅಷ್ಟೇ ಹಗುರ. ಎಲೆ ಕಿತ್ತ ಗುರುತುಗಳು ಮೈಯುದ್ದಕ್ಕೂ ಉಳಿದಿರುತ್ತವೆ.

"ಹಾಗಾದರೆ ಬೀಜ?" ಎಂದದ್ದಕ್ಕೆ ಅಜ್ಜ ಸಾಲಿನ ಅತಿ ನೇರವಾದ, ಅತಿ ಎತ್ತರದ ಗಿಡಗಳತ್ತ ಕೈ ತೋರಿಸಿದರು.

"ಅವನ್ನು ಕಡಿಯುವುದಿಲ್ಲ. ಒಳ್ಳೆಯದನ್ನೆಲ್ಲ ಕೋಲು ಮಾಡಿದರೆ ಬೀಜಕ್ಕೆ ಉಳಿಯುವುದು ಡೊಂಕು ಗಿಡ. ಮುಂದಿನ ವರ್ಷ ಹಿತ್ತಲೆಲ್ಲ ಡೊಂಕೇ."

"ಒಂದೇ ಗಿಡ ಬಿಟ್ಟರೆ ಸಾಲದೇ?"

"ಸಾಲದು. ತನ್ನ ಹೂವಿನ ಪರಾಗ ತನಗೇ ಆಗಿಬರುವುದಿಲ್ಲ. ಇಪ್ಪತ್ತಾದರೂ ಇರಬೇಕು, ಇಲ್ಲದಿದ್ದರೆ ತಲೆಮಾರು ಕಳೆದಂತೆ ತಳಿ ಸೊರಗುತ್ತದೆ."

ನೆರೆಮನೆಯವರ ಬ್ರೊಕೊಲಿ, ಹೂಕೋಸು ಹೂ ಬಿಟ್ಟರೂ ಅವರಿಗೆ ಆತಂಕ. ಎಲ್ಲವೂ ಒಂದೇ ಜಾತಿ. ಜೇನ್ನೊಣ ಹೊತ್ತು ತಂದ ಪರಾಗದಿಂದ ಬೆರಕೆಯಾಗುತ್ತದೆ. ಒಂದು ಕಿಲೋಮೀಟರಿನಾದರೂ ಅಂತರ ಬೇಕು, ಆಗದಿದ್ದರೆ ಪಕ್ಕದವರ ಹೂದಂಟನ್ನು ಹೇಳಿ ಕೇಳಿ ಮುರಿಸಬೇಕು. ಈ ಒಂದು ವಿಷಯಕ್ಕೆ ಅವರು ಹತ್ತು ನಿಮಿಷ ಕೊಟ್ಟರು, ಕೊಡಬೇಕಾದದ್ದೇ.

ಎರಡನೆಯ ವಸಂತದಲ್ಲಿ ಹಳದಿ ಹೂ, ಆಮೇಲೆ ಸಾಸಿವೆಯಂಥ ತೆಳ್ಳನೆ ಕಾಯಿ. ಪೂರ್ತಿ ಒಣಗುವವರೆಗೆ ಕಾದರೆ ಸಿಡಿದು ನೆಲದ ಪಾಲು, ಹಕ್ಕಿಗಳ ಪಾಲು. ಕೆಳಗಿನ ಕಾಯಿಗಳು ಕಂದುಬಣ್ಣಕ್ಕೆ ತಿರುಗುತ್ತಿದ್ದಂತೆ ರೆಂಬೆ ಕತ್ತರಿಸಿ, ಬಟ್ಟೆಯ ಮೇಲೆ ಒಣಗಿಸಿ, ಬಡಿದು ತೂರಬೇಕು. ತಂಪಾಗಿ, ತೇವ ತಾಗದಂತೆ ಇಟ್ಟರೆ ನಾಲ್ಕೈದು ವರ್ಷ ಮೊಳೆಯುತ್ತದೆ.

ಬೀಜ ಜೇಬಿಗೆ ಹಾಕಿಕೊಂಡು ಬರುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ತರುವಂತಿಲ್ಲ. ಭಾರತದ 2003ರ ಸಸ್ಯ ಸಂಪರ್ಕನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಆಮದು ಪರವಾನಗಿಯೂ ಹೊರದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಕ್ರಮಬದ್ಧವಾಗಿ ತಂದು ಬೆಂಗಳೂರಿನಲ್ಲಿ ಬಿತ್ತಿದರೂ ಸೊಪ್ಪು ಸಿಕ್ಕೀತು, ಬೀಜ ಸಿಗುವುದು ಕಷ್ಟ. ದಂಟು ಪೆನ್ಸಿಲ್‌ಗಿಂತ ದಪ್ಪವಾದ ಮೇಲೆ 10 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಆರೆಂಟು ವಾರ ಉಂಡರೆ ಮಾತ್ರ ಈ ಗಿಡ ಹೂವಿಗೆ ತಿರುಗುತ್ತದೆ. ಗೋಲ್ಡನ್ ಏಕರ್‌ನಂಥ ನಮ್ಮ ಕೋಸಿನ ತಳಿಗಳಿಗೂ ಬೀಜ ಹಿಮಾಚಲದ ಕುಲ್ಲು ಕಣಿವೆಯ ಕಡೆ ಆಗುವುದು ಇದೇ ಕಾರಣಕ್ಕೆ.