ಎರಡನೇ ನಂಬರಿನ ಟೈರು

ಭಾನುವಾರ, 13 ಏಪ್ರಿಲ್ 2025
ಕೊಪ್ಪಳ

ಇವತ್ತು ಬೆಳಿಗ್ಗೆ 9.30ಕ್ಕೆ ಗೊತ್ತಾಯಿತು. ನಮ್ಮ ಕಾರನ್ನು ಬಲಕ್ಕೆ ಎಳೆಯುತ್ತಿದ್ದದ್ದು ಎರಡನೇ ನಂಬರಿನ ಟೈರು, ಅಂದರೆ ಮುಂದಿನ ಬಲಗಡೆಯದ್ದು. ಅಲೈನ್‌ಮೆಂಟ್ (ಗಾಲಿಗಳು ನಿಂತಿರುವ ಕೋನಗಳ ಹೊಂದಾಣಿಕೆ) ಅಲ್ಲ, ಬ್ರೇಕ್ ಅಲ್ಲ, ರಸ್ತೆಯೂ ಅಲ್ಲ. ವಾರವಿಡೀ ಇದೇ ಯೋಚನೆಯಲ್ಲಿದ್ದೆ. ಉಗುರಿನ ಸಂದಿಯ ಮಸಿ ಇನ್ನೂ ಹೋಗಿಲ್ಲ. ಮರೆಯುವ ಮೊದಲೇ ಬರೆದಿಡುತ್ತೇನೆ. ಹೊಸ ಟೈರ್ ಹಾಕಿಸಿದ ಮೇಲೆ ಗಾಡಿ ಒಂದು ಕಡೆ ಎಳೆಯುತ್ತಿದೆ ಅಂತ ಒದ್ದಾಡುವ ಇನ್ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತು.

ಕಳೆದ ಸೋಮವಾರ ಸಂಜೆ ನಾಲ್ಕೂ ಟೈರ್ ಬದಲಿಸಿದ್ದೆವು. ಹಳೆಯವುಗಳ ಗೀರು ಸವೆದು, ಗೀರಿನ ತಳದಲ್ಲಿರುವ ಸಣ್ಣ ಉಬ್ಬಿನ ಮಟ್ಟಕ್ಕೆ ಬಂದಿತ್ತು. ಆ ಉಬ್ಬಿನ ಎತ್ತರ 1.6 ಮಿ.ಮೀ. ಅಲ್ಲಿಗೆ ಸವೆದರೆ ಟೈರಿನ ಆಯಸ್ಸು ಮುಗಿಯಿತು ಅಂತಲೇ ಅರ್ಥ. ಹಳೆ ಟೈರಿನಲ್ಲಿ ಗಾಡಿ ನೆಟ್ಟಗೆ ಹೋಗುತ್ತಿತ್ತು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಮಂಗಳವಾರ ಎಂದಿನಂತೆ ಗಂಗಾವತಿಗೆ ಹೊರಟೆವು. ಬ್ಯಾಂಕಿನ ನಾಲ್ಕು ಜನ ಪೆಟ್ರೋಲ್ ಹಂಚಿಕೊಂಡು ದಿನಾ ಹೋಗಿ ಬರುತ್ತೇವೆ. ಗಿಣಿಗೇರಿ ದಾಟಿ ನೇರ ರಸ್ತೆ ಸಿಕ್ಕಿದಾಗ ಸ್ಟೇರಿಂಗ್ ಬಲಗೈಗೆ ಭಾರ ಅನ್ನಿಸಿತು. ಹಿಡಿತ ಸ್ವಲ್ಪ ಸಡಿಲ ಮಾಡಿದೆ. ಒಂದರಿಂದ ಐದು ಎಣಿಸುವಷ್ಟರಲ್ಲಿ ಕಾರು ನಡುವಿನ ಬಿಳಿ ಗೆರೆಯ ಹತ್ತಿರ ಹೋಗಿತ್ತು. ಹಿಂದೆ ಕೂತಿದ್ದ ಸಹೋದ್ಯೋಗಿ ಕೇಳಿದರು: "ಯಾಕ್ರೀ ಮೇಡಂ, ಗಾಡಿ ಆ ಕಡೆ ಹೊಂಟೈತಲ್ರೀ?"

ಬಲಕ್ಕೆ ಎಳೆಯುವುದು ಎಡಕ್ಕೆ ಎಳೆದಂತೆ ಅಲ್ಲ. ಎಡಕ್ಕೆ ಹೋದರೆ ರಸ್ತೆಯ ಪಕ್ಕದ ಮಣ್ಣಿದೆ. ಬಲಕ್ಕೆ ಹೋದರೆ ಎದುರಿನ ಭತ್ತದ ಲಾರಿ ಇದೆ. ಸಂಜೆ ಕತ್ತಲಲ್ಲಿ, ಲಾರಿಯ ದೀಪ ಕಣ್ಣಿಗೆ ಹೊಡೆಯುವಾಗ, ಸ್ಟೇರಿಂಗನ್ನು ಎಡಕ್ಕೆ ಒತ್ತಿ ಹಿಡಿದುಕೊಂಡೇ 40 ಕಿ.ಮೀ. ಬರುವುದು ಸಣ್ಣ ಮಾತಲ್ಲ. ಮನೆಗೆ ಬರುವಷ್ಟರಲ್ಲಿ ಭುಜ ಸೋತಿತ್ತು. ಇನ್ನೂ ಮೂರು ಮನೆಯವರು ನನ್ನನ್ನು ನಂಬಿ ಆ ಕಾರಿನಲ್ಲಿ ಕೂರುತ್ತಾರೆ. ಹಾಗಾಗಿ ಇದನ್ನು ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ.

ಇನ್ನೊಂದು ವಿಷಯವೂ ತಲೆಗೆ ಬಂತು. ಮಳೆ ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ತಗ್ಗು ಮಾಡಿರುತ್ತಾರೆ. ನಾವು ಓಡಿಸುವುದು ಎಡಗಡೆ. ಅಂದರೆ ನೆಟ್ಟಗಿರುವ ಗಾಡಿಯೂ ಕೈ ಸಡಿಲ ಬಿಟ್ಟರೆ ಸ್ವಲ್ಪ ಎಡಕ್ಕೇ ಜಾರಬೇಕು. ನಮ್ಮದು ಇಳಿಜಾರಿಗೆ ಎದುರಾಗಿ ಬಲಕ್ಕೆ ಹೋಗುತ್ತಿದೆ. ತಪ್ಪು ರಸ್ತೆಯದ್ದಲ್ಲ ಅಂತ ಅವತ್ತೇ ಅನ್ನಿಸಿತ್ತು.

ಗುರುವಾರ ಮಹಾವೀರ ಜಯಂತಿ ರಜೆ. ಮಧ್ಯಾಹ್ನ ಟೈರ್ ಹಾಕಿಸಿದ ಅಂಗಡಿಗೇ ಹೋದೆ. "ಅಲೈನ್‌ಮೆಂಟ್ ಹೋಗಿರ್ತೈತ್ರೀ ಮೇಡಂ" ಅಂದರು. ಕಂಪ್ಯೂಟರಿನಲ್ಲಿ ಮಾಡಿದರು. ಟೋ ಅನ್ನುವ ಅಳತೆ ಸ್ವಲ್ಪ ಆಚೀಚೆ ಇತ್ತು, ಸರಿ ಮಾಡಿದರು. ಪರದೆ ಮೇಲೆ ಎಲ್ಲ ಹಸಿರು. ಹೊರಗೆ ಬಿಸಿಲಲ್ಲಿ ನಿಲ್ಲಿಸಿ ಹುಡುಗ ನಾಲ್ಕೂ ಟೈರಿಗೆ ಗಾಳಿ ನೋಡಿ 33 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಮಾಡಿದ. ದುಡ್ಡು ಕೊಟ್ಟು ಬಂದೆ.

ಶುಕ್ರವಾರ ಬೆಳಿಗ್ಗೆ ಗಾಡಿ ಮೊದಲಿಗಿಂತ ಜಾಸ್ತಿ ಎಳೆಯಿತು!

ಅಂಗಡಿಗೆ ಫೋನ್ ಮಾಡಿದರೆ, "ಹೊಸ ಟೈರ್ ಅಲ್ರೀ, 500 ಕಿಲೋಮೀಟರ್ ಓಡ್ಲಿ, ತಾನಾಗೇ ಸರಿ ಹೋಗ್ತೈತಿ. ಇಲ್ಲಾಂದ್ರ ಬರ್ರಿ, ಅಲೈನ್‌ಮೆಂಟ್‌ನ್ಯಾಗ ಸ್ವಲ್ಪ ಎಡಕ್ಕ ಕೊಡ್ತೀವಿ" ಅಂದರು. ಅವರು ಮೋಸ ಮಾಡುವ ಜನ ಅಲ್ಲ, ಇದನ್ನು ಮನಸಾರೆ ಹೇಳುತ್ತೇನೆ. ಆದರೆ ಆ ಉತ್ತರ ನನಗೆ ಸರಿ ಕಾಣಲಿಲ್ಲ. ತಪ್ಪು ಟೈರಿನಲ್ಲಿದ್ದರೆ ಅದನ್ನು ಮುಚ್ಚಲು ಗಾಲಿಯನ್ನೇ ವಾರೆ ಮಾಡುವುದು ಸರಿಯಾ? ಟೈರ್ ಒಂದು ಅಂಚಿನಲ್ಲಿ ತಿಂದು ಹೋಗುತ್ತದೆ ಅಷ್ಟೇ.

ಅಲೈನ್‌ಮೆಂಟ್ ಚೀಟಿಯನ್ನು ಆ ರಾತ್ರಿ ಊಟ ಆದ ಮೇಲೆ ಸಾವಧಾನವಾಗಿ ನೋಡಿದೆ. ಅದರಲ್ಲಿ ಮೂರು ಹೆಸರು ಮುಖ್ಯ. ಟೋ ಅಂದರೆ ಎರಡು ಮುಂದಿನ ಗಾಲಿಗಳ ಮೂತಿ ಒಳಗೆ ತಿರುಗಿದೆಯೋ ಹೊರಗೆ ತಿರುಗಿದೆಯೋ ಅಂತ. ಕ್ಯಾಂಬರ್ ಅಂದರೆ ಗಾಲಿ ನೆಟ್ಟಗೆ ನಿಂತಿದೆಯೋ, ತಲೆ ಆಚೆ ಈಚೆ ವಾಲಿದೆಯೋ ಅಂತ. ಕ್ಯಾಸ್ಟರ್ ಅಂದರೆ ಗಾಲಿ ತಿರುಗುವ ಅಚ್ಚು ಹಿಂದಕ್ಕೆ ಎಷ್ಟು ವಾಲಿದೆ ಅಂತ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಹಾಗೆ. ಎರಡು ಕಡೆ ಕ್ಯಾಂಬರ್ ಬೇರೆ ಬೇರೆ ಇದ್ದರೆ, ತಲೆ ಜಾಸ್ತಿ ಹೊರಗೆ ವಾಲಿದ ಗಾಲಿಯ ಕಡೆ ಗಾಡಿ ಎಳೆಯುತ್ತದೆ. ಕ್ಯಾಸ್ಟರ್ ಕಡಿಮೆ ಇರುವ ಕಡೆಗೂ ಎಳೆಯುತ್ತದೆ. ಆದರೆ ಮುಂದಿನ ಟೋ ಮಾತ್ರ ತಪ್ಪಿದ್ದರೆ ಗಾಡಿ ಸಾಮಾನ್ಯವಾಗಿ ಎಳೆಯುವುದಿಲ್ಲ. ಓಡುವಾಗ ಎರಡು ಗಾಲಿಗಳೂ ಆ ತಪ್ಪನ್ನು ಸಮನಾಗಿ ಹಂಚಿಕೊಂಡುಬಿಡುತ್ತವೆ. ಸ್ಟೇರಿಂಗ್ ಮಾತ್ರ ವಾರೆಯಾಗಿ ನಿಲ್ಲುತ್ತದೆ, ಟೈರ್ ಬೇಗ ಸವೆಯುತ್ತದೆ.

ಸ್ಟೇರಿಂಗ್ ವಾರೆ ಇರುವುದು ಬೇರೆ, ಗಾಡಿ ಎಳೆಯುವುದು ಬೇರೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಅಂಗಡಿಯವರು ತಿರುಗಿಸಿ ಸರಿ ಮಾಡಬಹುದಾದದ್ದು ಟೋ ಒಂದನ್ನೇ. ಕ್ಯಾಂಬರ್, ಕ್ಯಾಸ್ಟರ್ ಅಳೆದು ತೋರಿಸುತ್ತಾರೆ, ಬದಲಿಸಲು ಬೋಲ್ಟೇ ಇರುವುದಿಲ್ಲ. ನಮ್ಮ ಚೀಟಿಯಲ್ಲಿ ಅವೆರಡೂ ಎಡಕ್ಕೂ ಬಲಕ್ಕೂ ಹೆಚ್ಚುಕಮ್ಮಿ ಒಂದೇ ಇದ್ದವು. ಮತ್ತೆ ಅಲೈನ್‌ಮೆಂಟಿಗೆ ಹೋಗಿ ಪ್ರಯೋಜನವಿಲ್ಲ ಅಂತ ಅಲ್ಲಿಗೆ ನಿರ್ಧಾರ ಮಾಡಿದೆ.

ಶನಿವಾರ ಬೆಳಿಗ್ಗೆ ನಮ್ಮ ಓಣಿ ಮೂಲೆಯ ಪಂಕ್ಚರ್ ಅಂಗಡಿಯ ಚಾಚಾ ಹತ್ತಿರ ಹೇಳಿಕೊಂಡೆ. ಅವರು ಲಾರಿ ಟೈರು, ಟ್ರ್ಯಾಕ್ಟರ್ ಟೈರು ಬಿಚ್ಚಿ ಹಾಕುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಪೂರ್ತಿ ಕೇಳಿಸಿಕೊಂಡು ಹೇಳಿದರು: "ತಂಗೀ, ಮೊದಲ ಗಾಳಿ ನೋಡು. ಆಮೇಲೆ ಬ್ರೇಕ್. ಕಡೀಕ ಟೈರ್ ಅದಲ ಬದಲ ಮಾಡೋಣ. ಒಂದ ಮಾಡು, ಓಡಿಸಿ ನೋಡು, ಆಮೇಲೆ ಇನ್ನೊಂದ. ಎಲ್ಲಾ ಕೂಡೇ ಮಾಡಬ್ಯಾಡ, ಏನರಿಂದ ಸರಿ ಆತು ಅನ್ನೋದ ತಿಳಿಯಂಗಿಲ್ಲ." ಹೇಳುತ್ತಲೇ ಸೀಮೆಸುಣ್ಣ ತಗೊಂಡು ಟೈರುಗಳ ಮೇಲೆ ಬರೆದರು. ಮುಂದಿನ ಎಡ 1, ಮುಂದಿನ ಬಲ 2, ಹಿಂದಿನ ಎಡ 3, ಹಿಂದಿನ ಬಲ 4.

ಗಾಳಿಯಿಂದ ಶುರು ಮಾಡಿದೆ. ಕಾರು ರಾತ್ರಿಯಿಡೀ ನಿಂತು ತಣ್ಣಗಿತ್ತು. ನನ್ನದೇ ಗೇಜಿನಲ್ಲಿ ನೋಡಿದೆ. ಎಡಗಡೆ ಎರಡೂ 32. ಬಲಗಡೆ ಎರಡೂ 29. ಗುರುವಾರ ತಾನೇ ಎಲ್ಲದಕ್ಕೂ 33 ಮಾಡಿದ್ದರಲ್ಲ? ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ನೆನಪಾಯಿತು. ಮಧ್ಯಾಹ್ನ ಮೂರರ ಬಿಸಿಲಲ್ಲಿ ಕಾರಿನ ಬಲಗಡೆ ಪಡುವಣಕ್ಕಿತ್ತು. ಎಡಗಡೆ ಅಂಗಡಿಯ ನೆರಳಿತ್ತು. ಟೈರ್ ಬಿಸಿಯಾದರೆ ಒಳಗಿನ ಗಾಳಿಯ ಒತ್ತಡ ಏರುತ್ತದೆ, ಸುಮಾರು 6 ಡಿಗ್ರಿಗೆ ಒಂದು ಪಿಎಸ್ಐ ಲೆಕ್ಕ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ನಿಂತ ಕಪ್ಪು ಟೈರು ನೆರಳಿನ ಟೈರಿಗಿಂತ ಹದಿನೈದಿಪ್ಪತ್ತು ಡಿಗ್ರಿ ಜಾಸ್ತಿ ಕಾಯುವುದು ದೊಡ್ಡದಲ್ಲ. ಬಿಸಿಯಲ್ಲಿ 33 ತೋರಿಸಿದ ಬಲಗಡೆ ಟೈರುಗಳು ತಣ್ಣಗಾದಾಗ 29ಕ್ಕೆ ಇಳಿದಿದ್ದವು. ಗಾಳಿ ಕಡಿಮೆ ಇದ್ದ ಕಡೆಗೆ ಗಾಡಿ ಎಳೆಯುತ್ತದೆ. ಅಲೈನ್‌ಮೆಂಟ್ ಮಾಡಿಸಿದ ಮೇಲೆ ಎಳೆತ ಜಾಸ್ತಿ ಆಗಿದ್ದು ಇದಕ್ಕೇ!

ಗಾಳಿ ಬೆಳಿಗ್ಗೆ, ತಣ್ಣಗಿರುವಾಗ ನೋಡಬೇಕು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಒಂದೇ ಕಾರಿನ ಎರಡು ಬದಿ ಎರಡು ಬಿಸಿಯಲ್ಲಿ ನಿಂತಿರಬಹುದು ಅನ್ನುವುದು ನನಗೆ ಈ ವಾರದವರೆಗೆ ಹೊಳೆದಿರಲಿಲ್ಲ.

ನಾಲ್ಕಕ್ಕೂ 33 ಮಾಡಿ ಹೊಸಪೇಟೆ ಕಡೆಯ ನಾಲ್ಕು ಪಥದ ರಸ್ತೆಗೆ ಹೋದೆ. ಅಪ್ಪಾಜಿಯೂ ಜೊತೆಗೆ ಬಂದರು. ಗಿಣಿಗೇರಿಯಿಂದ ಹಿಟ್ನಾಳದ ಕಡೆ 60ರ ವೇಗದಲ್ಲಿ ಹೋಗುವಾಗ, ತಿರುಗಿ ಬರುವಾಗ, ಎಡ ಪಥದಲ್ಲಿ, ಬಲ ಪಥದಲ್ಲಿ, ಹೀಗೆ ಎಲ್ಲ ರೀತಿ ನೋಡಿದೆ. ಸ್ಟೇರಿಂಗ್‌ನಿಂದ ಕೈ ಪೂರ್ತಿ ತೆಗೆಯಲಿಲ್ಲ, ಬೆರಳು ಸಡಿಲ ಮಾಡಿದೆ ಅಷ್ಟೇ. ಎರಡೂ ದಿಕ್ಕಿನಲ್ಲಿ ನೋಡಲೇಬೇಕು, ಅಡ್ಡ ಗಾಳಿ ಬೀಸುತ್ತಿದ್ದರೆ ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ತಳ್ಳುತ್ತದೆ. ಲಾರಿಗಳು ಓಡಿ ಓಡಿ ಗಾಲಿಯ ಗುಂಟ ತಗ್ಗು ಬಿದ್ದ ಡಾಂಬರಿನಲ್ಲಿ ಈ ಪರೀಕ್ಷೆ ಮಾಡಬಾರದು. ತೋರಣಗಲ್ಲು ಕಡೆ ಅದಿರಿನ ಲಾರಿಗಳ ಹಿಂದೆ ಓಡಿಸಿದವರಿಗೆ ಗೊತ್ತಿರುತ್ತದೆ, ಅಂಥ ಕಡೆ ಗಾಲಿ ತಗ್ಗಿಗೆ ಇಳಿದರೆ ರಸ್ತೆಯೇ ಸ್ಟೇರಿಂಗ್ ತಿರುಗಿಸುತ್ತದೆ.

ಎಳೆತ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಪೂರ್ತಿ ಹೋಗಿರಲಿಲ್ಲ. ಐದರ ಬದಲು ಒಂಬತ್ತು ಹತ್ತು ಎಣಿಸುವಷ್ಟರಲ್ಲಿ ಗೆರೆ ಮುಟ್ಟುತ್ತಿತ್ತು.

ಬ್ರೇಕ್ ಬೇಗ ಮುಗಿಯಿತು. ಐದಾರು ಕಿ.ಮೀ. ಬ್ರೇಕ್ ಹೆಚ್ಚು ಒತ್ತದೆ ಓಡಿಸಿ, ನಿಲ್ಲಿಸಿ, ಮುಂದಿನ ಎರಡೂ ರಿಮ್‌ಗಳ ಹತ್ತಿರ ಅಂಗೈ ಹಿಡಿದು ನೋಡಿದೆ. ಮುಟ್ಟಲಿಲ್ಲ. ಬ್ರೇಕ್ ಕಚ್ಚಿಕೊಂಡಿದ್ದರೆ ಆ ಗಾಲಿ ಕಾವಲಿಯ ಹಾಗೆ ಕಾದಿರುತ್ತದೆ. ಎರಡೂ ಒಂದೇ ಬೆಚ್ಚಗಿದ್ದವು.

ಇವತ್ತು ಬೆಳಿಗ್ಗೆ ಏಳಕ್ಕೆ ಚಾಚಾ ಅಂಗಡಿ ಮುಂದೆ ಕಾರು ನಿಲ್ಲಿಸಿದೆ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟರು. ಅವರದೊಂದು ಜಾಕ್, ನಮ್ಮದೊಂದು ಜಾಕ್. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತು ಇದೆಯಾ, ಹೊರಬದಿ ಅಂತ ಬರೆದಿದೆಯಾ ಅಂತ ಮೊದಲು ಹುಡುಕಿದರು. ಬಾಣ ಇದ್ದರೆ ಎಡದ್ದನ್ನು ಬಲಕ್ಕೆ ಹಾಗೇ ಹಾಕಬಾರದು. ನಮ್ಮದರಲ್ಲಿ ಎರಡೂ ಇರಲಿಲ್ಲ. ಅಪ್ಪಾಜಿ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. "ಎತ್ತು ಹಿಂಗ ಬದಲಿ ಮಾಡಾಕ ಬರಂಗಿಲ್ಲ ನೋಡವ್ವಾ. ಎಡಕ್ಕ ರೂಢಿ ಆದ ಎತ್ತನ್ನ ಬಲಕ್ಕ ಕಟ್ಟಿದ್ರ ನೊಗಾನ ಒಲ್ಲೆ ಅಂತೈತಿ" ಅಂದರು. ಚಾಚಾ ತಲೆ ಎತ್ತದೆ, "ಬಾಣ ಇದ್ದ ಟೈರೂ ಹಂಗ ಅಣ್ಣಾರ" ಅಂದರು.

2 ಎಡಕ್ಕೆ ಹೋಯಿತು, 1 ಬಲಕ್ಕೆ ಬಂತು. ನಟ್‌ಗಳನ್ನು ಸಾಲಾಗಿ ಬಿಗಿಯಲಿಲ್ಲ. ಒಂದು ಬಿಗಿದು ಅದರ ಎದುರಿನದ್ದು, ಹೀಗೆ ಅಡ್ಡಡ್ಡ, ಗಾಲಿ ನೆಲಕ್ಕೆ ಇಳಿದ ಮೇಲೆ ಪಾನಾದಲ್ಲಿ ಕೊನೆಯ ಬಿಗಿತ.

ಅದೇ ರಸ್ತೆ, ಅದೇ 60ರ ವೇಗ. ಬೆರಳು ಸಡಿಲ ಮಾಡಿದೆ. ಕಾರು ಎಡಕ್ಕೆ ಹೋಯಿತು!

ಇನ್ನೊಮ್ಮೆ ಮಾಡಿದೆ. ಎಡಕ್ಕೇ. ಎಳೆತ ಟೈರಿನ ಜೊತೆಗೇ ಬದಿ ಬದಲಿಸಿತ್ತು. ಬದಲಿಸಿದ ಮೇಲೂ ಬಲಕ್ಕೇ ಎಳೆದಿದ್ದರೆ ತಪ್ಪು ಗಾಡಿಯದ್ದು ಆಗಿರುತ್ತಿತ್ತು. ಈಗ ಉಳಿದ ಪ್ರಶ್ನೆ ಒಂದೇ, 1ನೆಯದೋ 2ನೆಯದೋ? ವಾಪಸ್ ಬಂದು 2ನ್ನು ಹಿಂದಕ್ಕೆ ಹಾಕಿ ಅಲ್ಲಿನ 3ನ್ನು ಮುಂದಕ್ಕೆ ತಂದೆವು. ಮತ್ತೆ ಹೋದೆ. ಹತ್ತು ಎಣಿಸಿದೆ, ಹನ್ನೆರಡು ಎಣಿಸಿದೆ. ಕಾರು ನೆಟ್ಟಗೆ ಹೋಗುತ್ತಿತ್ತು. ರಸ್ತೆಯ ಇಳಿಜಾರಿಗೆ ಚೂರು ಎಡಕ್ಕೆ ವಾಲಿತು ಅಷ್ಟೇ. ಆಗ ಗಡಿಯಾರ ನೋಡಿದ್ದು, 9.30. ಪಕ್ಕದಲ್ಲಿ ಅಪ್ಪಾಜಿ ಏನೂ ಮಾತಾಡಲಿಲ್ಲ, ನಕ್ಕರು.

ಹೊಸ ಟೈರ್ ಯಾಕೆ ಹೀಗೆ ಎಳೆಯುತ್ತದೆ ಅಂತ ಚಾಚಾ ಒಂದು ಕತ್ತರಿಸಿದ ಹಳೆ ಟೈರ್ ತಂದು ತೋರಿಸಿದರು. ರಬ್ಬರಿನ ಒಳಗೆ ಉಕ್ಕಿನ ತಂತಿಗಳ ಪಟ್ಟಿ ಇದೆ, ಸಣ್ಣನೆಯ ತಂತಿಗಳು, ಓರೆಯಾಗಿ ಒತ್ತೊತ್ತಾಗಿ. ಈ ಪಟ್ಟಿ ಟೈರಿನ ಸರಿಯಾದ ನಡುವೆ ಕೂರಬೇಕು. ತಯಾರಾಗುವಾಗ ಒಂದು ಚೂರು ಪಕ್ಕಕ್ಕೆ ಸರಿದರೂ ಟೈರಿನ ಒಂದು ಭುಜ (ಅಂಚಿನ ಭಾಗ) ಬಿಗಿ, ಇನ್ನೊಂದು ಮೆತ್ತಗೆ ಆಗುತ್ತದೆ. ಭಾರ ಬಿದ್ದಾಗ ಟೈರ್ ಒಂದು ಬದಿ ದೊಡ್ಡದು, ಒಂದು ಬದಿ ಚಿಕ್ಕದು ಆದಂತೆ ಉರುಳುತ್ತದೆ. ಇದಕ್ಕೆ ಕೋನಿಸಿಟಿ ಅನ್ನುತ್ತಾರೆ.

ಮನೆಗೆ ಬಂದು ಅಮ್ಮನಿಗೆ ಹೇಳುವಾಗ ಅಡುಗೆಮನೆಯ ಸ್ಟೀಲ್ ಲೋಟ ತಗೊಂಡು ನೆಲದ ಮೇಲೆ ಉರುಳಿಸಿದೆ. ಬಾಯಿ ಅಗಲ, ತಳ ಸಣ್ಣ. ನೇರ ಹೋಗಲಿಲ್ಲ. ತಳದ ಕಡೆಗೆ ತಿರುಗುತ್ತಾ ಅರ್ಧ ಸುತ್ತು ಹಾಕಿ ಗ್ಯಾಸ್ ಸಿಲಿಂಡರಿಗೆ ಬಡಿದು ನಿಂತಿತು. ನಮ್ಮ 2ನೇ ಟೈರಿನ ಹೊರಗಿನ ಭುಜ ಈ ಲೋಟದ ತಳದ ಹಾಗೆ. ಬಲಗಡೆ ಇದ್ದಾಗ ಬಲಕ್ಕೆ, ಎಡಗಡೆ ಹೋದಾಗ ಎಡಕ್ಕೆ. ಬ್ಯಾಲೆನ್ಸಿಂಗ್ ಯಂತ್ರ ಇದನ್ನು ಹಿಡಿಯುವುದಿಲ್ಲ. ಅದು ನೋಡುವುದು ತೂಕ ಎಲ್ಲಿ ಜಾಸ್ತಿ ಅಂತ ಮಾತ್ರ. ಇದು ತೂಕದ ವಿಷಯ ಅಲ್ಲ, ಆಕಾರದ ವಿಷಯ. 500 ಕಿ.ಮೀ. ಓಡಿದರೆ ಒಳಗಿನ ಪಟ್ಟಿ ತನ್ನ ಜಾಗಕ್ಕೆ ಬಂದು ಕೂರುವುದೂ ಇಲ್ಲ.

ಸದ್ಯಕ್ಕೆ 2 ಹಿಂದೆ ಎಡಗಡೆ ಇದೆ. ಹಿಂದಿನ ಗಾಲಿಗೆ ಸ್ಟೇರಿಂಗಿನ ಸಂಬಂಧ ಇಲ್ಲದ್ದರಿಂದ ಅಲ್ಲಿ ಅದರ ಎಳೆತ ಕೈಗೆ ಗೊತ್ತಾಗುತ್ತಿಲ್ಲ. ಆದರೆ ಹಾಗೇ ಇಟ್ಟುಕೊಳ್ಳುವ ಮನಸ್ಸಿಲ್ಲ. ಮುಂದೆ ಟೈರ್‌ಗಳನ್ನು ಹಿಂದೆ ಮುಂದೆ ಬದಲಿಸುವಾಗ ಮತ್ತೆ ಮುಂದಕ್ಕೇ ಬರಬೇಕಲ್ವಾ? ದುಡ್ಡು ಕೊಟ್ಟಿದ್ದು ನಾಲ್ಕು ಒಳ್ಳೆಯ ಟೈರಿಗೆ. ತಯಾರಿಕೆಯ ದೋಷಕ್ಕೆ ವಾರಂಟಿ ಇದೆ, ಬಿಲ್ಲು ಜೋಪಾನವಾಗಿದೆ. ಟೈರಿನ ಪಕ್ಕದಲ್ಲಿ ಅಚ್ಚಾದ ಸಂಖ್ಯೆ ಬರೆದುಕೊಂಡಿದ್ದೇನೆ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಯಾವ ದಿನ ಯಾವ ಟೈರ್ ಎಲ್ಲಿತ್ತು, ಗಾಳಿ ಎಷ್ಟಿತ್ತು, ಗಾಡಿ ಯಾವ ಕಡೆ ಹೋಯಿತು, ಎಲ್ಲ ಒಂದು ಪುಟದಲ್ಲಿದೆ. ಅಂಗಡಿಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸುತ್ತೇನೆ. ಕೈಗೆ ಗೊತ್ತಾದದ್ದನ್ನು ಬಾಯಲ್ಲಿ ವಾದ ಮಾಡುವುದು ಬೇಡ.

ನಾಳೆ ಅಂಬೇಡ್ಕರ್ ಜಯಂತಿ. ಮಂಗಳವಾರ ಬ್ಯಾಂಕಿನಿಂದ ಬಂದು ಹೋಗುತ್ತೇನೆ. ಅಷ್ಟರಲ್ಲಿ ನೂರು ಕಿ.ಮೀ. ಹತ್ತಿರ ಓಡಿರುತ್ತದೆ, ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿಸಬೇಕು. ಅಪ್ಪಾಜಿ ದಿನಾ ಬೆಳಿಗ್ಗೆ ಎದ್ದು ಕಾರು ತೊಳೆಯುತ್ತಾರೆ. ಎರಡು ದಿನ ಗಾಲಿಗಳಿಗೆ ನೀರು ಹಾಕಬೇಡಿ, ಸೀಮೆಸುಣ್ಣದ ನಂಬರು ಹೋಗುತ್ತದೆ ಅಂತ ಹೇಳಿದ್ದೇನೆ.