ನಿಮ್ಮ ಮೆಚ್ಚಿನ ಐತಿಹಾಸಿಕ ವ್ಯಕ್ತಿ ಯಾರು ಎಂದು ಕೇಳುವವರಿಗೆ

ಇತಿಹಾಸದ ಪಾಠ ಹೇಳಿ ಹೊಟ್ಟೆ ಹೊರೆಯುವವರಿಗೆ, ಅದರಲ್ಲೂ ಚಿತ್ರದುರ್ಗದಲ್ಲಿ ಮನೆ ಮಾಡಿಕೊಂಡವರಿಗೆ, ಮದುವೆಯ ಪಂಕ್ತಿಯಲ್ಲಾಗಲಿ ಬಸ್ಸಿನಲ್ಲಾಗಲಿ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: “ಸಾರ್, ನಿಮ್ಮ ಮೆಚ್ಚಿನ ಐತಿಹಾಸಿಕ ವ್ಯಕ್ತಿ ಯಾರು?” ಬಾಯಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ಯಾರೇ ಕೇಳಿದರೂ ಈ ಬರಹವನ್ನು ಅವರ ಮೊಬೈಲಿಗೆ ಕಳುಹಿಸಿ ನನ್ನ ಪಾಡಿಗೆ ನಾನು ಊಟ ಮುಂದುವರಿಸುವುದೆಂದು ತೀರ್ಮಾನಿಸಿದ್ದೇನೆ. ಉತ್ತರವಷ್ಟೇ ಬೇಕೆನ್ನುವವರು ಈಗಲೇ ತೆಗೆದುಕೊಳ್ಳಬಹುದು: ಚಪಡ. “ಯಾರು ಸಾರ್ ಅದು?” ಎನ್ನುವವರು ಮಾತ್ರ ಸ್ವಲ್ಪ ತಾಳಬೇಕು. ಅವನ ವಿಷಯಕ್ಕೆ ಬರುವ ಮೊದಲು ನನಗೆ ಈ ಪ್ರಶ್ನೆಯ ಮೇಲೆಯೇ ಒಂದಿಷ್ಟು ಸಿಟ್ಟು ತೀರಿಸಿಕೊಳ್ಳುವುದಿದೆ.

ಈ ಪ್ರಶ್ನೆಯನ್ನು ಕೇಳುವವರಲ್ಲಿ ಬಹುಪಾಲು ಮಂದಿಗೆ ನನ್ನ ಉತ್ತರ ಬೇಕಾಗಿರುವುದಿಲ್ಲ. ಉತ್ತರವನ್ನು ಅವರು ಮನೆಯಿಂದಲೇ ತಂದಿರುತ್ತಾರೆ. ನಾನು ಹೂಂ ಎಂದರೆ ಸಾಕು. “ದುರ್ಗದವರಲ್ಲವೇ ನೀವು, ಓಬವ್ವನೋ ಮದಕರಿಯೋ, ಅಷ್ಟು ಹೇಳಿಬಿಡಿ” ಎಂದು ಆಯ್ಕೆಯನ್ನೂ ತಾವೇ ಒದಗಿಸುತ್ತಾರೆ. ಬೇರೊಂದು ಹೆಸರು ಹೇಳಿದರೆ ಅವರ ಮುಖ ಸಪ್ಪಗಾಗುತ್ತದೆ. ಕೆಲವರಂತೂ ನನ್ನ ಊರಾಭಿಮಾನವನ್ನೇ ಅನುಮಾನಿಸಿ, ನಮ್ಮ ತಾತಂದಿರು ಯಾವ ಕಡೆಯಿಂದ ಬಂದವರೆಂದು ವಿಚಾರಿಸಿಕೊಳ್ಳುತ್ತಾರೆ. ಒಬ್ಬ ಮನುಷ್ಯನಿಗೆ ಒಬ್ಬರೇ ಮೆಚ್ಚಿನವರಿರಬೇಕು, ಆ ಒಬ್ಬರು ಕತ್ತಿ ಹಿಡಿದಿರಬೇಕು, ಹಿಡಿದದ್ದು ಕೇಳುವವರ ಜಿಲ್ಲೆಯೊಳಗೇ ಆಗಿರಬೇಕು ಎಂಬ ಈ ನಿಯಮಗಳನ್ನು ಯಾರು ಮಾಡಿದರೋ ನಾನರಿಯೆ.

ದಾವಣಗೆರೆಯ ಒಂದು ಹೈಸ್ಕೂಲಿನವರು ಪ್ರಬಂಧ ಸ್ಪರ್ಧೆಗೆ ತೀರ್ಪುಗಾರನಾಗಿ ನನ್ನನ್ನು ಕರೆದಿದ್ದರು. ವಿಷಯ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಬಂಡಲು ಬಿಚ್ಚಿ ಓದತೊಡಗಿದರೆ, ಮಕ್ಕಳೆಲ್ಲರೂ ಯಾವುದೋ ಒಂದೇ ಗೈಡಿನಿಂದ ಇಳಿಸಿಕೊಂಡಿದ್ದರೆಂಬುದು ಎರಡನೆಯ ಹಾಳೆಗೇ ತಿಳಿಯಿತು. “ಕನ್ನಡ ನಾಡಿನ ವೀರವನಿತೆಯರಲ್ಲಿ ಅಗ್ರಗಣ್ಯಳಾದ” ಎಂಬ ಆರಂಭವಷ್ಟೇ ಅಲ್ಲ, ಕಾಗುಣಿತದ ತಪ್ಪುಗಳೂ ಎಲ್ಲರಲ್ಲೂ ಒಂದೇ ಜಾಗದಲ್ಲಿದ್ದವು. ಒಬ್ಬ ಹುಡುಗಿಯ ಪ್ರಬಂಧವೂ ಹಾಗೆಯೇ ಆರಂಭವಾಗಿ, ಎರಡನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ದಾರಿ ಬದಲಿಸಿತ್ತು. ಅವಳು ಬರೆದದ್ದು ಹೀಗೆ: “ಓಬವ್ವ ನೀರು ತರಲು ಹೋಗಿದ್ದಳು. ಹಾಗಾದರೆ ಅವಳ ಹತ್ತಿರ ಕೊಡ ಇತ್ತು. ಆ ಕೊಡವನ್ನು ಎಲ್ಲಿಟ್ಟಳು?”

ಕಥೆ ಎಲ್ಲರಿಗೂ ಗೊತ್ತಿರುವುದೇ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದ ಕಾಲ. ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ, ಹೆಂಡತಿ ಓಬವ್ವ ನೀರು ತರಲು ಹೊರಟಿದ್ದಾಳೆ, ಬಂಡೆಗಳ ನಡುವಿನ ಕಿಂಡಿಯ ಆಚೆ ಪಿಸುಮಾತು ಕೇಳಿಸಿದೆ. ಮನೆಗೆ ಮರಳಿ, ಉಣ್ಣುತ್ತಿರುವ ಗಂಡನನ್ನು ಎಬ್ಬಿಸದೆ, ಒನಕೆ ಹಿಡಿದು ಬಂದು, ಕಿಂಡಿಯಲ್ಲಿ ಒಬ್ಬೊಬ್ಬನೇ ತಲೆ ತೂರಿಸಿದಂತೆಲ್ಲ ಒಬ್ಬೊಬ್ಬನನ್ನೇ ಮುಗಿಸಿದಳು. ಗಂಡ ಬಂದು ಕಹಳೆ ಊದುವಷ್ಟರಲ್ಲಿ ಹೆಣಗಳ ರಾಶಿ ಬಿದ್ದಿತ್ತು; ಅಂದೇ ಅವಳೂ ಸತ್ತಳು, ಹೇಗೆಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಈ ಕಥೆಯನ್ನು ನಾನೇ ಕೋಟೆಯಲ್ಲಿ ಮಕ್ಕಳ ಗುಂಪುಗಳಿಗೆ ಲೆಕ್ಕವಿಲ್ಲದಷ್ಟು ಬಾರಿ ಹೇಳಿದ್ದೇನೆ. ಕಿಂಡಿಯಲ್ಲಿ ಸೊಂಟ ಬಗ್ಗಿಸಿ, ಹೆಗಲನ್ನು ಓರೆ ಮಾಡಿಕೊಂಡು ನುಸುಳುವುದು ಹೇಗೆಂದು ತೋರಿಸಿದ್ದೇನೆ. ಹತ್ತಿರದ ತಣ್ಣೀರು ದೋಣಿಯ ನೀರನ್ನೂ ಮುಟ್ಟಿಸಿದ್ದೇನೆ. ಆದರೆ ಕೊಡದ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹುಡುಗಿ ಅಷ್ಟಕ್ಕೇ ಬಿಟ್ಟಿರಲಿಲ್ಲ. ಕೊಡವನ್ನು ಕೈಬಿಟ್ಟಿದ್ದರೆ ಸದ್ದಾಗಿ ಆಚೆಯವರು ಎಚ್ಚರಗೊಳ್ಳುತ್ತಿದ್ದರು; ಆದ್ದರಿಂದ ಅಷ್ಟು ಗಾಬರಿಯಲ್ಲೂ ಅವಳು ಅದನ್ನು ಸದ್ದಾಗದಂತೆ ಕೆಳಗಿಟ್ಟಿರಬೇಕು, ಒನಕೆಗಿಂತಲೂ ನನಗೆ ಅದೇ ದೊಡ್ಡ ಧೈರ್ಯವಾಗಿ ಕಾಣುತ್ತದೆ ಎಂದು ಬರೆದಿದ್ದಳು. ಗಂಡನ ಎದುರೇ ಒನಕೆ ತೆಗೆದುಕೊಂಡು ಹೋಗುವಾಗ ಅವನು ಏಕೆಂದು ಕೇಳಲಿಲ್ಲವೇ ಎಂಬುದು ಅವಳ ಮುಂದಿನ ಸಂಶಯ.

ನಾನು ಆ ಪ್ರಬಂಧಕ್ಕೆ ಮೊದಲ ಬಹುಮಾನ ಬರೆದೆ. ಜೊತೆಯ ಇಬ್ಬರು ತೀರ್ಪುಗಾರರು, ಹುಡುಗಿ ವಿಷಯ ಬಿಟ್ಟು ಹೋಗಿದ್ದಾಳೆಂದೂ ಓಬವ್ವನ ಶೌರ್ಯದ ವರ್ಣನೆ ಸಾಲದೆಂದೂ ಹೇಳಿ ಸಮಾಧಾನಕರ ಬಹುಮಾನಕ್ಕೆ ಇಳಿಸಿದರು. ಆ ಹೊತ್ತಿಗೇ ನನ್ನ ತಲೆ ಬಿಸಿಯಾಗಿತ್ತು, ಅದರ ಮೇಲೆ ನಿರೂಪಕರು ವೇದಿಕೆಯಲ್ಲಿ ಮೈಕು ನನ್ನ ಬಾಯಿಗೆ ಹಿಡಿದು, “ಮಾನ್ಯರೇ, ಒಂದೇ ಹೆಸರಿನಲ್ಲಿ ಉತ್ತರಿಸಬೇಕು, ನಿಮ್ಮ ಮೆಚ್ಚಿನ ಐತಿಹಾಸಿಕ ವ್ಯಕ್ತಿ ಯಾರು?” ಎಂದರು. “ಚಪಡ” ಎಂದೆ. ಸಭೆಯಲ್ಲಿ ಒಬ್ಬರೂ ಮಿಸುಕಲಿಲ್ಲ. “ಸಾರ್ ತುಂಬಾ ತಮಾಷೆಯ ಸ್ವಭಾವದವರು” ಎಂದು ನಿರೂಪಕರು ನಕ್ಕು, ಮದಕರಿಯ ನಾಡಿನಿಂದ ಬಂದ ಅತಿಥಿಗೆ ಜೋರಾಗಿ ಚಪ್ಪಾಳೆ ಹೊಡೆಸಿದರು.

ಹಾಗಾದರೆ ಚಪಡ ಯಾರು? ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಊರವರು ಅಕ್ಷರಗುಂಡು ಎನ್ನುವ ಬಂಡೆಯ ಮೇಲೆ, ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಶಾಸನವಿದೆ. ಹತ್ತಿರದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇದೇ ಬರಹದ ಶಾಸನಗಳಿವೆ. 1892ರಲ್ಲಿ ಇವನ್ನು ಹೊರಜಗತ್ತಿಗೆ ತಿಳಿಸಿದವರು ಬೆಂಗಳೂರಿನಲ್ಲೇ ಹುಟ್ಟಿದ ಶಾಸನತಜ್ಞ ಬಿ.ಎಲ್. ರೈಸ್. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆದೇಶವಿದು. ಆದೇಶವೆಂದರೆ ನಮ್ಮ ಈಗಿನ ಸುತ್ತೋಲೆಗಳ ಹಾಗೆ ನೇರವಾಗಿ ಮೈಮೇಲೆ ಬೀಳುವುದಿಲ್ಲ. ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತದೆ. ತಾನು ಉಪಾಸಕನಾಗಿ, ಎಂದರೆ ಬುದ್ಧನ ಗೃಹಸ್ಥ ಅನುಯಾಯಿಯಾಗಿ, ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ ಎಂದು ದೊರೆ ಸ್ವತಃ ಒಪ್ಪಿಕೊಳ್ಳುತ್ತಾನೆ. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬ ಬುದ್ಧಿಮಾತುಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಯಲ್ಲಿ ಒಂದು ಸಾಲು: “ಚಪಡೇನ ಲಿಖಿತೇ ಲಿಪಿಕರೇಣ”, ಎಂದರೆ ಲಿಪಿಕಾರ ಚಪಡನು ಬರೆದದ್ದು. ಹಿಂದೆ ಕೆಲವು ವಿದ್ವಾಂಸರು ಹೆಸರನ್ನು “ಪಡ” ಎಂದೂ ಓದಿದ್ದರು. ನನಗೆ ಚಪಡನೇ ಇರಲಿ.

ಇಲ್ಲಿ ಒಂದು ಕುಚೋದ್ಯವಿದೆ. ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಅಷ್ಟುದ್ದ ಬರೆದವನು, “ಲಿಪಿಕರೇಣ” ಎಂಬ ಕೊನೆಯ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿಯು ದೇಶದ ವಾಯವ್ಯ ಮೂಲೆಯ ಲಿಪಿ. ಅಶೋಕನ ಶಾಸನಗಳಲ್ಲಿ ಇಡಿಯಾಗಿ ಆ ಲಿಪಿಯಲ್ಲಿರುವ ಶಹಬಾಜಗಢಿ ಮತ್ತು ಮಾನ್ಸೆಹ್ರಾದವು ಈಗಿನ ಪಾಕಿಸ್ತಾನದಲ್ಲಿವೆ. ಮೊಳಕಾಲ್ಮೂರಿನ ಬಂಡೆಯ ಮೇಲೆ ಆ ಲಿಪಿಯನ್ನು ಯಾರೂ ಕೇಳಿರಲಾರರು. ಚಪಡ ಆ ಕಡೆಯಿಂದ ಬಂದವನಿರಬಹುದು, ಅಲ್ಲಿ ಕೆಲಸ ಮಾಡಿ ಬಂದವನಿರಬಹುದು, ಅಥವಾ ನನಗೆ ಎರಡು ಲಿಪಿ ಬರುತ್ತದೆ ನೋಡಿ ಎಂಬ ಜಂಬದವನಿರಬಹುದು. ಮೂರನೆಯದೇ ನಿಜವಾಗಿರಲಿ ಎಂಬುದು ನನ್ನ ಹಾರೈಕೆ. ಇಂದಿಗೂ ಮೊಳಕಾಲ್ಮೂರಿಗೆ ವರ್ಗವಾಯಿತೆಂದರೆ ಮುಖ ಸಣ್ಣದು ಮಾಡಿಕೊಳ್ಳುವ ನೌಕರರನ್ನು ನಾನು ಬಲ್ಲೆ. ಸಾವಿರಾರು ಮೈಲಿ ಹಬ್ಬಿದ್ದ ಸಾಮ್ರಾಜ್ಯದ ತೆಂಕಣ ಅಂಚಿನಲ್ಲಿ, ಆ ಬಿಸಿಲಿನಲ್ಲಿ, ದೊರೆಯ ಮಾತು ಮುಗಿದ ಮೇಲೆ ತನ್ನದೊಂದು ಪದ ಸೇರಿಸಿದ ನೌಕರನನ್ನು ಮೆಚ್ಚದೆ ಮತ್ತೆ ಯಾರನ್ನು ಮೆಚ್ಚಲಿ? ಇನ್ನೊಂದು ಮಾತು: ಈ ಶಾಸನದಲ್ಲಿ ಅಶೋಕನ ಹೆಸರೇ ಇಲ್ಲ, “ದೇವಾನಾಂಪ್ರಿಯ” ಎಂಬ ಬಿರುದಷ್ಟೇ ಇದೆ. ಆ ಬಿರುದಿನ ಜೊತೆ ಅಶೋಕನೆಂಬ ಹೆಸರು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕದ್ದು 1915ರಲ್ಲಿ. ನಮ್ಮ ಬಂಡೆಯಲ್ಲಿ ದೊರೆಗೆ ಬಿರುದು, ಲಿಪಿಕಾರನಿಗೆ ಹೆಸರು.

ಇಷ್ಟು ಹೇಳಿದ ಕೂಡಲೇ, “ಅಂದರೆ ಒಬ್ಬ ಗುಮಾಸ್ತನನ್ನು ಓಬವ್ವನಿಗಿಂತ ಮೇಲೆ ಕೂರಿಸುತ್ತೀರಾ?” ಎಂಬ ಮರುಪ್ರಶ್ನೆ ಬರುತ್ತದೆ. ಯಾರನ್ನೂ ಎಲ್ಲಿಯೂ ಕೂರಿಸುತ್ತಿಲ್ಲ. ಓಬವ್ವನನ್ನು ಜನ ಏಕೆ ಮೆಚ್ಚುತ್ತಾರೆಂಬುದು ನನಗೂ ತಿಳಿಯುತ್ತದೆ: ಅವಳಿಗೆ ಪಟ್ಟವಿಲ್ಲ, ಪಡೆಯಿಲ್ಲ, ಯಾರನ್ನೂ ಕೇಳುವಷ್ಟು ಸಮಯವೂ ಇಲ್ಲ, ಕೈಗೆ ಸಿಕ್ಕಿದ್ದು ಭತ್ತ ಕುಟ್ಟುವ ಒನಕೆ. ಕಣ್ಣಮುಂದೆ ಕಟ್ಟುವಂಥ ಒಂದೇ ಒಂದು ದೃಶ್ಯವಿರುವ ಕಥೆ ಜನರ ಮನಸ್ಸಿನಲ್ಲಿ ನಿಲ್ಲುತ್ತದೆ. 1972ರ ಚಲನಚಿತ್ರದ ಹಾಡೊಂದು ಆ ದೃಶ್ಯವನ್ನು ರಾಜ್ಯದ ಮೂಲೆಮೂಲೆಗೂ ಮುಟ್ಟಿಸಿತು. 2021ರಿಂದ ಸರ್ಕಾರವೇ ನವೆಂಬರ್ 11ರಂದು ಅವಳ ಜಯಂತಿಯನ್ನು ಆಚರಿಸುತ್ತಿದೆ. ಅಂಥ ದೃಶ್ಯ ದಕ್ಕದವರ ಪಾಡು ಏನಾಗುತ್ತದೆಂದು ತಿಳಿಯಬೇಕಾದರೆ ಭರಮಣ್ಣ ನಾಯಕನನ್ನು ನೋಡಿ. 1689ರಿಂದ 1721ರವರೆಗೆ ದುರ್ಗವನ್ನು ಆಳಿ, ಅಷ್ಟು ಕೆರೆಗಳನ್ನೂ ದೇವಾಲಯಗಳನ್ನೂ ಕಟ್ಟಿಸಿದವನು. ಆ ಕೆರೆಗಳ ಕೆಳಗೆ ಬೆಳೆ ತೆಗೆದವರ ಮಕ್ಕಳು ಮೊಮ್ಮಕ್ಕಳು ಯಾರೂ ಅವನ ಹೆಸರನ್ನು ನನ್ನ ಮುಂದೆ ಮೆಚ್ಚಿನವರ ಪಟ್ಟಿಯಲ್ಲಿ ಹೇಳಿದ್ದಿಲ್ಲ. ಕೋಟೆಯನ್ನು ಕಳೆದುಕೊಂಡ ಕೊನೆಯ ಮದಕರಿಯನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ಸೋತವನ ಮೇಲಿನ ಈ ಪ್ರೀತಿ ನಮ್ಮ ಊರಿನ ಒಳ್ಳೆಯ ಗುಣವೆಂದೇ ನಾನು ತಿಳಿದಿದ್ದೇನೆ. ಆದರೆ ಆ ಮದಕರಿ ಒಂದು ಕಾಲಕ್ಕೆ ಇದೇ ಹೈದರನ ಜೊತೆ ಸೇರಿ ದಂಡೆತ್ತಿ ಹೋಗಿದ್ದನೆಂದು ನೆನಪಿಸಿದರೆ, ಮೆಚ್ಚುವವರು ಮಾತು ಬದಲಿಸುತ್ತಾರೆ.

ನನ್ನ ತಕರಾರು ಇಷ್ಟೇ. ಮೆಚ್ಚಿದ ಮೇಲೆ ಆ ವ್ಯಕ್ತಿಯ ಬಗ್ಗೆ ಇನ್ನಷ್ಟು ಕೇಳಬೇಕೆನಿಸಬೇಕು. ನಮ್ಮಲ್ಲಿ ಮೆಚ್ಚಿದ ಕ್ಷಣವೇ ಕೇಳುವುದು ನಿಂತುಹೋಗುತ್ತದೆ. ಹಾರ ಹಾಕಿ, ಘೋಷಣೆ ಕೂಗಿ, ಮನೆಗೆ ಹೋಗುತ್ತೇವೆ. ಆದ್ದರಿಂದ ನಿಮ್ಮ ಮೆಚ್ಚಿನವರು ಯಾರು ಎಂದು ಕೇಳುವ ಬದಲು, ಸಿಕ್ಕರೆ ಯಾರನ್ನು ಏನು ಕೇಳುತ್ತೀರಿ ಎಂದು ಯಾರಾದರೂ ನನ್ನನ್ನು ಕೇಳಬಾರದೇ ಎಂದು ಕಾದಿದ್ದೇನೆ. ಆಗ ನನ್ನ ಪಟ್ಟಿಯೇ ಬೇರೆಯಾಗುತ್ತದೆ. ನಾನು ಮೆಚ್ಚದವರೂ, ಮೆಚ್ಚಲಾಗದವರೂ ಅದರಲ್ಲಿ ಸೇರುತ್ತಾರೆ. ಮೊದಲ ಹೆಸರು ಹೈದರಾಲಿಯದು.

ದುರ್ಗದಲ್ಲಿ ಹೈದರನ ಹೆಸರು ಎತ್ತುವಾಗ ಧ್ವನಿ ತಗ್ಗಿಸುವ ಅಭ್ಯಾಸ ನನಗೂ ಇದೆ. 1779ರಲ್ಲಿ ಒಳಗಿನವರ ದ್ರೋಹದಿಂದ ಕೋಟೆ ಬಿತ್ತು. ಮದಕರಿಯನ್ನೂ ಅವನ ಪರಿವಾರವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಸುಮಾರು 20,000 ಬೇಡ ಜನರನ್ನು ಶ್ರೀರಂಗಪಟ್ಟಣದ ಆ ದ್ವೀಪಕ್ಕೆ ಸಾಗಿಸಿ, ಅವರ ಹುಡುಗರನ್ನು ಚೇಲಾ ಎಂಬ ಪಡೆಗಳಾಗಿ ಪಳಗಿಸಿದರೆಂದು ಅನಂತರದ ಇಂಗ್ಲಿಷ್ ಇತಿಹಾಸಕಾರರು ಬರೆದಿದ್ದಾರೆ. ಇದೇ ಹೈದರ್, ಇಲ್ಲಿಂದ ಸುಮಾರು 60 ಕಿ.ಮೀ. ದೂರದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ದಾವಣಗೆರೆ ಎಂಬ ಹಳ್ಳಿಯನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆ ಅಪ್ಪೋಜಿರಾಮ ವರ್ತಕರನ್ನು ಕರೆದು ನೆಲೆಗೊಳಿಸಿದನು, ಪೇಟೆ ಬೆಳೆಯಿತು. ಹತ್ತಿ ಗಿರಣಿಗಳು, ಮಂಡಿಗಳು, ಕಾಲೇಜುಗಳೆಲ್ಲ ಬಹಳ ಆಮೇಲೆ ಬಂದವು, ಅವುಗಳ ಶ್ರೇಯಸ್ಸು ಬೇರೆಯವರದು. ಆದರೆ ಊರಿನ ವ್ಯಾಪಾರದ ಮೊದಲ ಪುಟದಲ್ಲಿ ಇರುವುದು ಈ ಇಬ್ಬರೇ. ಒಂದು ಊರನ್ನು ಬರಿದು ಮಾಡಿದವನೂ ಪಕ್ಕದ ಊರಿನ ಪೇಟೆಗೆ ದಾರಿ ಮಾಡಿದವನೂ ಒಬ್ಬನೇ ಆಗಿದ್ದಾಗ, ಅವನಿಗೆ ಈ ಎರಡೂ ಒಂದೇ ಲೆಕ್ಕದ ಪುಸ್ತಕದಲ್ಲಿ ಕಾಣುತ್ತಿದ್ದವೇ, ಸಾಗಿಸಿದ ಜನರಿಗೂ ಕರೆಸಿದ ವರ್ತಕರಿಗೂ ನಡುವೆ ಏನಾದರೂ ವ್ಯತ್ಯಾಸ ತೋರುತ್ತಿತ್ತೇ ಎಂಬುದೇ ನಾನು ಅವನನ್ನು ಕೇಳಬೇಕಾದ ಪ್ರಶ್ನೆ. ಇದಕ್ಕೆ ಹಾರ ಹಾಕಿ ಉತ್ತರಿಸಲಾಗದು, ಚಪ್ಪಲಿ ತೋರಿಸಿಯೂ ಉತ್ತರಿಸಲಾಗದು. ಕಾಗದಪತ್ರಗಳನ್ನು ಹುಡುಕಿ ಕೂರಬೇಕು.

ಈ ಪ್ರಶ್ನೆಯನ್ನು ದಾವಣಗೆರೆಯ ವೇದಿಕೆಯಲ್ಲಿ ಕೇಳಿದರೆ ಊಟದ ಗಂಟೆ ಮೀರಿದರೂ ಬಿಡದೆ ಮಾತನಾಡುತ್ತೇನೆ. ದುರ್ಗದಲ್ಲಿ ಕೇಳುವುದಾದರೆ, ದಯವಿಟ್ಟು ಮೊದಲು ಮೈಕು ಆಫ್ ಮಾಡಿಸಿ.